ಹದಿಮೂರನೆಯ ಪುಟದ ನೆತ್ತರು

ಮೂವತ್ತೊಂದು ವರ್ಷ ಪುಸ್ತಕ ಹೊಲಿದ ಕೈ ಅವಳದು. ಗಂಡ ತೀರಿಹೋದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಮೇಜು ಹಾಕಿಕೊಂಡು, ಬೈಂಡಿಂಗ್ ಮಾಡಿ ತಮ್ಮನನ್ನು ಓದಿಸಿದಳು. ತಾನು ಓದುವುದು ಮಾತ್ರ ಅಕ್ಷರಕ್ಕೆ ಅಕ್ಷರ ಕೂಡಿಸಿ. ತಮ್ಮ ಮೇಷ್ಟ್ರಾದ, ಆಮೇಲೆ ಕವಿಯೂ ಆದ. ಎರಡನೆಯದಾಗು ಎಂದು ಅವನನ್ನು ಯಾರೂ ಕೇಳಿಕೊಂಡಿರಲಿಲ್ಲ.

ಅವನ ಹೊಸ ಸಂಕಲನ ಹೊಲಿಗೆಗೆ ಅಕ್ಕನ ಮೇಜಿಗೇ ಬಂತು. ಮಾರನೆಯ ಬೆಳಿಗ್ಗೆ, ಅದಕ್ಕೆ ಮುನ್ನುಡಿ ಬರೆದಿದ್ದ ಗ್ರಂಥಾಲಯದ ಸಾಹೇಬರು ಬಂದು, ತಾವು ರಟ್ಟು ಕಟ್ಟಲು ಕೊಟ್ಟಿದ್ದ ಹಳೆಯ ಪುಸ್ತಕಗಳ ಗಂಟನ್ನು ವಾಪಸ್ ಎತ್ತಿಕೊಂಡರು.

“ನಿಮ್ಮ ತಮ್ಮನ ಹದಿಮೂರನೇ ಪುಟದ ಕವನ ಓದಿದೆ ಕಣಮ್ಮ. ನಿಮ್ಮ ಬೆರಳೆಲ್ಲ ಗಾಯವಂತೆ. ಇವು ನೂರು ವರ್ಷದ ಪುಸ್ತಕ, ಕಲೆ ಬಿದ್ರೆ ಹೋಗಲ್ಲ. ಮೊದಲು ವಾಸಿಯಾಗ್ಲಿ.”

ಗ್ರಂಥಾಲಯದವರ ಹದಿನೆಂಟು ವರ್ಷದ ನಂಬಿಕೆ ಅಷ್ಟಕ್ಕೇ ಬಾಗಿಲು ದಾಟಿತು. ಅವಳು ಕನ್ನಡಕ ಏರಿಸಿ ಹದಿಮೂರನೆಯ ಪುಟ ಹುಡುಕಿದಳು. ‘ಪುಟಪುಟಕ್ಕೂ ಅಕ್ಕನ ಬೆರಳಿನ ನೆತ್ತರು’ ಎಂದಿತ್ತು.

ಸಂಜೆ ತಮ್ಮ ಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥದ್ದೇ ನಗು.

“ಅಯ್ಯೋ ಅಕ್ಕ, ಅದು ವಾಚ್ಯಾರ್ಥ ಅಲ್ಲ, ಲಕ್ಷ್ಯಾರ್ಥ. ನೆತ್ತರು ಅಂದ್ರೆ ನಿನ್ನ ತ್ಯಾಗ. ನಿಂಗೆ ಅರ್ಥ ಆಗಲ್ಲ ಬಿಡು.”

“ಅರ್ಥ ಆಗಿದ್ದಕ್ಕೇ ಮೈ ಉರೀತಿರೋದು. ನೆತ್ತರು ಬಿದ್ದ ಹಾಳೇನ ನಾವು ರದ್ದಿಗೆ ಎಸೀತೀವಿ ಕಣೋ. ನನ್ನನ್ನ ಹೊಗಳೋಕೆ ನನ್ನ ಕೆಲಸಾನೇ ಕೆಡಿಸ್ಬೇಕಾ? ‘ಇಷ್ಟು ವರ್ಷದಲ್ಲಿ ಒಂದು ಕಲೆ ಬೀಳಲಿಲ್ಲ’ ಅಂತ ಬರೀಬೇಕಿತ್ತು. ನಿನ್ನ ಲಕ್ಷ್ಯಾರ್ಥಾನ ಅದರೊಳಗೆ ಹುಡುಕ್ಕೋ, ಸಿಗುತ್ತೆ.”

“ಅದರಲ್ಲಿ ನೋವೇ ಇಲ್ವಲ್ಲ ಅಕ್ಕ. ಹೋಗಲಿ, ನೆತ್ತರು ಬೇಡ, ಕಣ್ಣೀರು ಅಂತ ತಿದ್ದಲಾ?”

“ನೀರು ಬಿದ್ರೆ ಕಾಗದ ಉಬ್ಬುತ್ತೆ, ದಡ್ಡ.”

ಮೇಜಿನ ಈ ಬದಿಗೆ ಒಮ್ಮೆಯೂ ಬಂದು ಕೂರದವನಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಅವಳು ಅವನ ಸಂಕಲನದ ಮೊದಲ ಹದಿನಾರು ಪುಟದ ಮಡಿಕೆಯನ್ನು ಬಿಡಿಸಿ ತೋರಿಸಿದಳು. ಹದಿಮೂರನೆಯ ಪುಟವೂ ಮೂರನೆಯ ಪುಟವೂ ಒಂದೇ ಕಾಗದದ ಎರಡು ರೆಕ್ಕೆ. ಒಂದನ್ನು ಕಿತ್ತರೆ ಇನ್ನೊಂದು ತಾನಾಗಿ ಉದುರುತ್ತದೆ. ಮೂರನೆಯದರಲ್ಲಿ ಅವನ ಪ್ರಶಸ್ತಿಗಳ ಪಟ್ಟಿಯಿತ್ತು.

“ಕವನ ತೆಗೀತೀನಿ, ಪಟ್ಟೀನೂ ಹೋಗುತ್ತೆ. ಏನಂತೀಯ?”

ಅವನು ಪಟ್ಟಿಯ ಮೇಲೆ ಕೈಯಾಡಿಸಿದ. ಅಕ್ಕನ ಮುಖ ನೋಡಲಿಲ್ಲ.

“ಪುಸ್ತಕ ಬೇರೆ ಕಡೆ ಕಟ್ಟಿಸ್ತೀನಿ ಬಿಡು.”

“ಹೊರಿಸ್ಕೊಂಡು ಹೋಗು.”

ಮಾರನೆಯ ದಿನ ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತಿಗೆ ಅವಳು ಅಲ್ಲಿದ್ದಳು. ಸಾಹೇಬರ ಮೇಜಿನ ಮೇಲೆ ಹತ್ತೂ ಬೆರಳು ಹರಡಿದಳು. ಅವರು ತಿರುಗಿಸಿ ಮುರುಗಿಸಿ ನೋಡಿದರು. ಒಂದು ಗೀರೂ ಇರಲಿಲ್ಲ. ಇಂಥವರೂ ಮುನ್ನುಡಿ ಬರೆಯುತ್ತಾರೆ.

“ಹಾಗಾದ್ರೆ ಕವನ ಸುಳ್ಳಾ?”

“ಅದನ್ನ ಬರೆದವನನ್ನ ಕೇಳಿ. ಗಂಟು ಕೊಡಿ, ಬಿಸಿಲೇರೋಕೆ ಮುಂಚೆ ಕೂತ್ಕೋಬೇಕು.”

ಕೊಟ್ಟರು.