ಸದ್ದು ಮಾಡದ ಗಂಟು

ಗಂಟು ಕಟ್ಟುವುದನ್ನು ನಮ್ಮ ಅವ್ವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿಜಾಮನ ಪರ ನಿಂತ ರಜಾಕಾರರ ಗಲಾಟೆಯ ಕಾಲದಲ್ಲಿ ನಾವು ಕಮಲಾಪುರದಲ್ಲಿದ್ದೆವು. ಯಾರೋ ಬಂದರಂತೆ ಎಂಬ ಸುದ್ದಿ ಬಂದರೆ ಸಾಕು, ಮನೆ ಬಿಟ್ಟು ಗುಡ್ಡ ಸೇರಬೇಕು. ಅದಕ್ಕಾಗಿ ಅವಳ ಗಂಟು ಸದಾ ಬಾಗಿಲ ಹಿಂದೆ ತಯಾರಿರುತ್ತಿತ್ತು. ಭಾರತದ ಮಿಲ್ಟ್ರಿ ಬಂದು ಪೊಲೀಸ್ ಕಾರ್ಯಾಚರಣೆ ಆಯಿತು, ನಿಜಾಮನ ಆಳ್ವಿಕೆ ಹೋಯಿತು. ಅಣ್ಣನಿಗೆ ಕಲಬುರಗಿಯ ಕಚೇರಿಯೊಂದರಲ್ಲಿ ಕಾರಕೂನನ ಕೆಲಸ ಸಿಕ್ಕಿ ನಾವು ಅಲ್ಲಿಗೆ ಬಂದೆವು. ಬಾಡಿಗೆ ಮನೆಯ ಬಾಗಿಲ ಹಿಂದೆಯೂ ಅದೇ ಗಂಟು! ಆಗಾಗ ಬಿಚ್ಚಿ, ಹಳೆಯ ರೊಟ್ಟಿ ತೆಗೆದು ಹೊಸದನ್ನಿಟ್ಟು ಮತ್ತೆ ಕಟ್ಟುತ್ತಿದ್ದಳು. ಅಡುಗೆಮನೆಯಲ್ಲೂ ಪಿಸುಮಾತು. ನನ್ನ ಶಾಲೆ ಬಿಡಿಸಿದ್ದಳು, ಓಣಿ ದಾಟಲು ಬಿಡುತ್ತಿರಲಿಲ್ಲ. ಹರೆಯದ ಹುಡುಗಿ ನಾನು, ಬಾಯಿ ಬೇರೆ ಜೋರು. ಆ ಗಂಟು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಣ್ಣನ ಕಚೇರಿಯಲ್ಲಿ ಮೋಮಿನಪುರ ಓಣಿಯ ಗೆಳೆಯನೊಬ್ಬನಿದ್ದ. ನಮ್ಮ ಮನೆಯಲ್ಲಿ ಉಣ್ಣುವಷ್ಟು ಸಲಿಗೆ. ಅವ್ವನನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ. ಅವನಿಗೆ ಗುಡ್ಡ ಸುತ್ತುವ ಹುಚ್ಚು. ರವಿವಾರ ಎಲ್ಲರೂ ಕಮಲಾಪುರದ ಆಚೆಯ ಗುಡ್ಡಕ್ಕೆ ಹೋಗೋಣವೆಂದು ಅವನೇ ಹೊರಡಿಸಿದ. ನಾನು ಹೋಗಲೇಬೇಕೆಂದು ಹಟ ಹಿಡಿದು ಕೂತೆ. ಅಣ್ಣನ ಜೊತೆಗೂ ನನ್ನನ್ನು ಕಳಿಸುವ ಧೈರ್ಯವಿಲ್ಲದೆ ಅವ್ವ ತಾನೂ ಬರುತ್ತೇನೆಂದಳು.

ಹಿಂದಿನ ದಿನ ಅವನು ಒಂದು ಸೀಟಿ, ಕಡ್ಡಿಪೆಟ್ಟಿಗೆ, ಬಿಳಿ ಚಾದರ ತಂದು ಅವ್ವನ ಕೈಗಿಟ್ಟ.

"ಇವು ಗಂಟಿನ್ಯಾಗ ಇರ್ಲಿ ಖಾಲಾ. ಗುಡ್ಡದಾಗ ಯಾರರೆ ತಪ್ಪಿಸ್ಕೊಂಡ್ರ ಸೀಟಿ ಊದಬೇಕ್ರಿ. ಹೊಗಿ ಹಾಕ್ರಿ, ಇಲ್ಲಂದ್ರ ಚಾದರ ಹಾಸ್ರಿ. ಬಿಳೀದು ದೂರದಿಂದ ಕಾಣ್ತದ."

"ಆಗ್ಲಿ ತಮ್ಮಾ," ಎಂದು ಅವ್ವ ತಲೆಯಾಡಿಸಿದಳು.

ಬಸ್ಸಿನಲ್ಲಿ ಕಿಟಕಿಗೆ ಮುಖ ಒಡ್ಡಿ ಕೂತ ನನ್ನನ್ನು ಅವ್ವ ದಾರಿಯುದ್ದಕ್ಕೂ ಒಳಗೆಳೆಯುತ್ತಲೇ ಇದ್ದಳು. ಕಮಲಾಪುರದಲ್ಲಿ ಇಳಿದು, ಕೆಂಪು ಬಾಳೆಹಣ್ಣು ಕೊಂಡು ತಿಂದು, ನಡೆಯುತ್ತ ಗುಡ್ಡದ ಅರ್ಧಕ್ಕೆ ಬಂದೆವು. ಅವ್ವನಿಗೆ ಏದುಸಿರು ಬಂತು. ನಮ್ಮಿಬ್ಬರನ್ನೂ ದಾರಿ ಪಕ್ಕದ ಮರದ ಕೆಳಗೆ ಕೂಡಿಸಿ, ಅಣ್ಣ ಮತ್ತು ಗೆಳೆಯ ನೀರಿನ ಝರಿ ಹುಡುಕಲು ಮೇಲೆ ಹೋದರು.

ಅವರು ಮರೆಯಾದದ್ದೇ ತಡ, ಅವ್ವ ಗಂಟು ಎತ್ತಿಕೊಂಡು ಎದ್ದಳು.

"ಏಳು. ದಾರಿ ಮ್ಯಾಲ ಕೂಡಬಾರ್ದು. ಯಾರರೆ ನೋಡ್ತಾರ."

"ನೋಡ್ಲಿ ಬಿಡು! ನಾವೇನ್ ಕಳ್ಳರಾ?"

ಅವಳು ಆಗಲೇ ಇಳಿಯುತ್ತಿದ್ದಳು. ದೊಡ್ಡ ಬಂಡೆಗಳ ಹಿಂದೆ ಒಂದು ತಗ್ಗಿತ್ತು. ನೋಡಿದ ಕೂಡಲೇ ನನಗೆ ಗುರುತು ಹತ್ತಿತು. ಗಲಾಟೆಯ ದಿನಗಳಲ್ಲಿ ನಾವು ಉಸಿರು ಬಿಗಿಹಿಡಿದು ಅಡಗಿ ಕೂಡುತ್ತಿದ್ದ ಜಾಗವದು. ಸಿಟ್ಟಿನಿಂದ ದಡದಡ ಇಳಿಯುವಾಗ ಕಾಲಡಿಯ ಚಪ್ಪಡಿ ಜಾರಿತು. ಅದಕ್ಕೂ ಬಂಡೆಗೂ ನಡುವೆ ನನ್ನ ಪಾದ ಸಿಕ್ಕಿಬಿತ್ತು. ಇಬ್ಬರೂ ಎಳೆದೆವು, ತಳ್ಳಿದೆವು. ಕಲ್ಲು ಅಲುಗಲಿಲ್ಲ.

"ಸೀಟಿ ತಗಿ ಅವ್ವಾ!"

ಗಂಟು ಬಿಚ್ಚಿದಳು. ಕಟಕ ರೊಟ್ಟಿ, ಶೇಂಗಾದ ಚಟ್ನಿಪುಡಿ, ಬೆಲ್ಲ. ಲೋಟಕ್ಕೆ ತಾಗಿ ಸದ್ದಾಗದಂತೆ ಹಳೆಯ ಸೀರೆಯ ಚೂರು ಸುತ್ತಿದ ಹಿತ್ತಾಳೆ ತಂಬಿಗೆ. ಚಾದರವಿರಬೇಕಾದಲ್ಲಿ ಮಣ್ಣುಬಣ್ಣದ ಹಳೇ ಕಂಬಳಿ. ಸೀಟಿಯೂ ಇಲ್ಲ, ಕಡ್ಡಿಪೆಟ್ಟಿಗೆಯೂ ಇಲ್ಲ.

"ಎಲ್ಲಾ ಎಲ್ಲಿ ಹ್ವಾದ್ವು?"

"ಮನ್ಯಾಗ ಇಟ್ಟೀನಿ."

"ಚಾದರ?"

"ಬಿಳೀದು ದೂರದಿಂದ ಕಾಣ್ತದ," ಎಂದಳು.

ಅವಳನ್ನು ಏನು ಮಾಡಬೇಕೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮೇಲಿನ ದಾರಿಯಿಂದ ಗೆಳೆಯನ ದನಿ ಕೇಳಿತು. "ಖಾಲಾ! ಕಿಧರ್ ಹೈಂ ಖಾಲಾ?"

ನಾನು ಬಾಯಿ ತೆರೆದೆ. ಅವ್ವನ ಅಂಗೈ ಬಂದು ಗಪ್ಪನೆ ಮುಚ್ಚಿತು.

ಅವಳೇ ಬಿಸಿ ರೊಟ್ಟಿ ಬಡಿಸಿ ಉಣ್ಣಿಸಿದ ಹುಡುಗನ ದನಿ ಅದು. ಆದರೆ ಆ ತಗ್ಗಿನಲ್ಲಿ ಕೂತವಳಿಗೆ, ಮೇಲಿನಿಂದ ಉರ್ದುವಿನಲ್ಲಿ ಬಂದ ಕೂಗಿಗೆ ಇದ್ದುದು ಒಂದೇ ಅರ್ಥ, ರಜಾಕಾರರು ಬಂದರು. "ಅವ್ವಾ! ಎಲ್ಲಿದ್ದೀಯವ್ವಾ?" ಎಂದು ಅಣ್ಣನೂ ಕೂಗಿದ. ಅವಳ ಕೈ ಸಡಿಲಾಗಲಿಲ್ಲ. ನಾನು ಗುದ್ದಿದೆ, ಪರಚಿದೆ, ಕೊನೆಗೆ ಕಚ್ಚಿದೆ. ಬಾಯಿಗೆ ರಕ್ತದ ರುಚಿ ಬಂತು. ಅವಳಿಗೆ ಅದರ ಖಬರೇ ಇರಲಿಲ್ಲ. ಕಣ್ಣು ಮೇಲಿನ ದಾರಿಯಲ್ಲೇ ನೆಟ್ಟಿತ್ತು.

ನಾವು ಕೆಳಗಿಳಿದು ಹೋಗಿರಬೇಕು ಎಂದುಕೊಂಡರೋ ಏನೋ, ದನಿಗಳು ಊರಿನ ಕಡೆಗೆ ಸರಿಯತೊಡಗಿದವು. ಹೊತ್ತು ಇಳಿದಿತ್ತು. ಈ ಕಡೆ ತೋಳಗಳ ಕಾಟ. ಇವಳ ಕೈಯಲ್ಲೇ ನನ್ನ ಕಥೆ ಮುಗಿಯಿತು ಅನ್ನಿಸಿತು. ಒದ್ದಾಡುವುದನ್ನು ಬಿಟ್ಟು ಅಳತೊಡಗಿದೆ. ಕಣ್ಣೀರು ಕೈಮೇಲೆ ಇಳಿದಾಗ ಅವ್ವ ಮೊದಲ ಸಲ ನನ್ನ ಮುಖ ನೋಡಿದಳು, ಆಮೇಲೆ ಕಲ್ಲಿನ ನಡುವೆ ಊದಿ ನೀಲಿಯಾದ ಕಾಲನ್ನು. ಅಂಗೈ ತೆಗೆದಳು.

"ಅವರು ಹೋಗಾಕತ್ತಾರವ್ವಾ," ಎಂದೆ. ಕೂಗಲು ನೋಡಿದೆ. ಅತ್ತು ಅತ್ತು ಗಂಟಲು ಕಟ್ಟಿ, ನಾಯಿಮರಿ ಕುಂಯ್ ಅಂದಷ್ಟೇ ಆಯಿತು.

ಅವ್ವ ಬಂಡೆ ಹತ್ತಿದಳು. ನಾಲ್ಕೂ ದಿಕ್ಕಿಗೆ ಕಾಣುವಂತೆ ನಿಂತು ಬಾಯಿ ತೆರೆದಳು. ಬರೀ ಗಾಳಿ ಬಂತು. ಮತ್ತೆ ತೆರೆದಳು, ಅದೂ ಗಾಳಿಯೇ. ಸೀರೆಯ ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಮೈಯೆಲ್ಲ ಬಾಗಿಸಿ ಕೂಗಿದಳು.

"ಇಲ್ಲೇ ಅದೀವೋ!"

ಅವರಿಬ್ಬರೂ ಬಿದ್ದಂಬೀಳ ಓಡಿಬಂದರು. ಗೆಳೆಯ ಗಟ್ಟಿ ಟೊಂಗೆಯೊಂದನ್ನು ಚಪ್ಪಡಿಯ ಕೆಳಗೆ ತೂರಿಸಿ ಮೀಟಿದ, ಅಣ್ಣ ನನ್ನ ಕಾಲು ಬಿಡಿಸಿದ. ಅವ್ವ ಮಾತ್ರ ಬಂಡೆಯ ಮೇಲೆ ನಿಂತು ಕೂಗುತ್ತಲೇ ಇದ್ದಳು.

"ಬಂದೀವಲ್ಲವ್ವಾ, ಸಾಕು, ಇಳಿ," ಎಂದು ಅಣ್ಣ ಹತ್ತಲು ಹೋದ.

ಗೆಳೆಯ ಅವನ ರಟ್ಟೆ ಹಿಡಿದ. "ಕೂಗ್ಲಿ ಬಿಡೋ. ನಮ್ಮ ಓಣ್ಯಾಗ ಮಿಲ್ಟ್ರಿ ಬಂದಾಗಿಂದ ನಮ್ಮ ಅಮ್ಮೀದೂ ಬಾಯಿ ಬಂದ್ ಆಗ್ಯಾದ."

ಅಣ್ಣ ಬಂಡೆಯ ಬುಡದಲ್ಲಿ ನನ್ನ ಪಕ್ಕ ಕೂತ, ಗೆಳೆಯನೂ ಕೂತ. ಯಾರೂ ಇಲ್ಲದ ಇಳಿಜಾರಿನ ಕಡೆ ಮುಖ ಮಾಡಿ, ದನಿ ಬಿದ್ದುಹೋಗುವ ತನಕ ಅವ್ವ ಕೂಗಿದಳು. "ಇಲ್ಲೇ ಅದೀವೋ! ನಾವು ಇಲ್ಲೇ ಅದೀವೋ!"