ಅಕ್ಕನ ಇಪ್ಪತ್ತೇಳು ದಿನ

ನಮ್ಮಕ್ಕನ ಇಷ್ಟು ವರ್ಷದ ನೌಕರಿಯನ್ನು ಕೂಡಿಸು ಅಂದರೆ ನನ್ನ ಲ್ಯಾಪ್‌ಟಾಪ್ ಒಂದು ತಾರೀಖು ತೋರಿಸಿತು. 17-12-1909.

"ಯಾರು ಹುಟ್ಟಿದ ದಿನ ಮಾರಾಯ ಇದು? ಆವಾಗ ನಮ್ಮಜ್ಜನೂ ಹುಟ್ಟಿರ್ಲಿಲ್ಲ" ಅಂದಳು ಅಕ್ಕ.

ಇಬ್ಬರೂ ನಕ್ಕೆವು. ಭಾನುವಾರ ಬೆಳಿಗ್ಗೆ, ಶಿವಮೊಗ್ಗದ ಆಲ್ಕೊಳದಲ್ಲಿ ನಮ್ಮ ಮನೆ, ತಟ್ಟೆಯಲ್ಲಿ ಒಗ್ಗರಣೆ ಅವಲಕ್ಕಿ. ಅಲ್ಲಿಗೇ ಲ್ಯಾಪ್‌ಟಾಪ್ ಮುಚ್ಚಿಟ್ಟು ಅವಲಕ್ಕಿ ತಿಂದು ಎದ್ದಿದ್ದರೆ ಈ ವಾರ ನಾನು ಬೇರೆ ಏನಾದರೂ ಬರೆಯುತ್ತಿದ್ದೆ.

ಗಿರಿಜಕ್ಕ ಭದ್ರಾವತಿಯ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾಳೆ. ಅತಿಥಿ ಉಪನ್ಯಾಸಕಿ. (ಹದಿಮೂರು ವರ್ಷದಿಂದ ಅತಿಥಿ. ನಿಮ್ಮ ಮನೆಯಲ್ಲಿ ಯಾರಾದರೂ ಹದಿಮೂರು ದಿನ ಉಳಿದರೆ ನೀವು ಅವರನ್ನು ಅತಿಥಿ ಅನ್ನುತ್ತೀರಾ?) ಸೆಮಿಸ್ಟರ್ ಶುರುವಾದಾಗ ಸೇರುವ, ಬಿಡುವ ತಾರೀಖು ಬರೆದ ಒಂದು ಆರ್ಡರ್ ಕೊಡುತ್ತಾರೆ. ಮುಗಿದ ದಿನ ರಿಲೀವ್ ಮಾಡುತ್ತಾರೆ. ಆಮೇಲೆ ತಿಂಗಳೋ ಎರಡು ತಿಂಗಳೋ ಮನೆ. ಮತ್ತೆ ಫೋನು, ಮತ್ತೆ ಆರ್ಡರ್. ಹಾಗೆ ಅವಳ ಫೈಲಿನಲ್ಲಿ ಇಪ್ಪತ್ತೇಳು ಆರ್ಡರ್‌ಗಳಿದ್ದವು, ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ ಹಾಕಿಟ್ಟಿದ್ದಳು.

ಈ ವರ್ಷ ಆಡಳಿತ ಮಂಡಳಿಗೆ ಯಾಕೋ ಒಳ್ಳೆಯ ಬುದ್ಧಿ ಬಂತು. ತಿಂಗಳ ಕೊನೆಗೆ ಒಟ್ಟು 3650 ದಿನ ಸೇವೆ ಆದವರನ್ನು ಕಾಯಂ ಮಾಡುತ್ತೇವೆ, ಇದೊಂದು ಸಲ ಮಾತ್ರ ಎಂದು ನೋಟಿಸ್ ಹಾಕಿದರು. ಅಕ್ಕನಿಗೆ ಈಗ ನಲವತ್ತೊಂಬತ್ತು. ಇನ್ನೊಂದು ಸಲ ಎಂಬುದು ಬಂದರೂ ಅವಳ ಪಾಲಿಗಂತೂ ಬರುವುದಿಲ್ಲ. ಅದಕ್ಕೇ ಫೈಲು ಎತ್ತಿಕೊಂಡು ತಮ್ಮನ ಮನೆಗೆ ಬಂದಿದ್ದಳು.

ತಮ್ಮನಿಗೂ ಜಂಬ ಕಡಿಮೆಯೇನಿಲ್ಲ. "ಐದು ನಿಮಿಷದ ಕೆಲಸ ಅಕ್ಕ" ಅಂದೆ.

ಮೂರು ಗಂಟೆ ಹಿಡಿಯಿತು. ತಾರೀಖಿನ ಮಧ್ಯೆ ಚುಕ್ಕಿ ಇಟ್ಟರೆ ಆ ಸ್ಪ್ರೆಡ್‌ಶೀಟ್‌ಗೆ ಅದು ತಾರೀಖೇ ಅಲ್ಲ. ಜುಲೈ ಐದನ್ನು ಮೇ ಏಳು ಮಾಡಿತು. ಒಂದು ಸೆಮಿಸ್ಟರ್‌ನಲ್ಲಿ ಅಕ್ಕ ಸೇರುವ ಮೊದಲೇ ರಿಲೀವ್ ಆಗಿ ಮೈನಸ್‌ನಲ್ಲಿ ದುಡಿದಿದ್ದಳು. ಎಲ್ಲ ಸರಿಮಾಡಿ ಕೊನೆಯ ತಾರೀಖಿನಿಂದ ಮೊದಲ ತಾರೀಖು ಕಳೆದು, ಇಪ್ಪತ್ತೇಳು ಸಾಲನ್ನೂ ಕೂಡಿಸಿದಾಗ ಬಂದದ್ದೇ ಆ 1909ರ ಡಿಸೆಂಬರ್. ಮೊತ್ತದ ಮನೆಗೂ ತಾರೀಖಿನ ಫಾರ್ಮ್ಯಾಟ್ ಅಂಟಿಕೊಂಡಿತ್ತು, ಅಷ್ಟೇ. ಅದನ್ನು ಅಂಕಿಗೆ ಬದಲಾಯಿಸಿದೆ.

3639.

ಅಕ್ಕ ನಗು ನಿಲ್ಲಿಸಿದಳು. "ಹನ್ನೊಂದು ದಿನ ಕಮ್ಮಿನಾ?" ಅಂದಳು. ಆಮೇಲೆ ಆರ್ಡರ್‌ಗಳನ್ನು ಒಂದೊಂದಾಗಿ ಫೈಲಿಗೆ ವಾಪಸ್ ಸೇರಿಸತೊಡಗಿದಳು. ಹದಿಮೂರು ವರ್ಷ ಬಸ್ಸಿನಲ್ಲಿ ಓಡಾಡಿ ಹನ್ನೊಂದು ದಿನಕ್ಕೆ ಸೋಲುವುದೆಂದರೆ ಏನು ಹೇಳಿ ಸಮಾಧಾನ ಮಾಡುವುದು?

ಆಗ ನನಗೆ ಹೊಳೆಯಿತು. (ಹೊಳೆಯದಿದ್ದರೆ ಚೆನ್ನಾಗಿತ್ತು.) ನೀವೇ ಹೇಳಿ, ಒಂದನೇ ತಾರೀಖಿನಿಂದ ಹತ್ತನೇ ತಾರೀಖಿನವರೆಗೆ ಕೆಲಸ ಮಾಡಿದರೆ ಎಷ್ಟು ದಿನ? ಹತ್ತು. ಆದರೆ ಹತ್ತರಲ್ಲಿ ಒಂದು ಕಳೆದರೆ ಒಂಬತ್ತು. ಸ್ಪ್ರೆಡ್‌ಶೀಟ್ ಬರೀ ಕಳೆಯುತ್ತದೆ, ಕೊನೆಯ ದಿನವನ್ನು ಎಣಿಸುವುದಿಲ್ಲ. ಅಂದರೆ ಪ್ರತಿ ಆರ್ಡರ್‌ನಲ್ಲೂ ಅಕ್ಕನ ಒಂದು ದಿನ ನುಂಗಿಹಾಕಿತ್ತು. ಪ್ರತಿ ಸಾಲಿಗೂ ಪ್ಲಸ್ ಒಂದು ಸೇರಿಸಿದೆ. ಇಪ್ಪತ್ತೇಳು ದಿನ ವಾಪಸ್ ಬಂತು. 3666!

"ಹದಿನಾರು ದಿನ ಜಾಸ್ತಿನೇ ಇದೆ ಅಕ್ಕ" ಅಂದೆ. ನನ್ನ ಹೆಂಡತಿ ಶ್ಯಾವಿಗೆ ಪಾಯಸಕ್ಕೆ ಹಾಲಿಟ್ಟಳು. ಅಕ್ಕ ಒಂದೇ ಪ್ರಶ್ನೆ ಕೇಳಿದ್ದು: "ಸರಿಯಾಗಿ ನೋಡಿದೀಯ ಅಲ್ವೇನೋ?" ನಾನು ಲೆಕ್ಕದ ಮೇಷ್ಟ್ರ ಹಾಗೆ ಹತ್ತು ಬೆರಳು ಎಣಿಸಿ ತೋರಿಸಿದೆ. ನಂಬಿದಳು.

ನಾಲ್ಕು ದಿನ ಬಿಟ್ಟು ಕಾಲೇಜಿನಿಂದ ಫೋನ್ ಬಂತು. ಪೂರಕ ಪರೀಕ್ಷೆ ಕೆಲಸಕ್ಕೆ ಹದಿನೈದು ದಿನದ ಒಂದು ಆರ್ಡರ್ ಇದೆ, ಒಬ್ಬರಿಗೆ ಮಾತ್ರ, ನೀವು ಸೀನಿಯರ್, ಬರ್ತೀರಾ ಮೇಡಂ ಅಂತ. ಅದೇ ಕಾಲೇಜಿನಲ್ಲಿ ಅಕ್ಕನ ಜೊತೆ ಕೆಲಸ ಮಾಡುವ ಶಾಹಿನಾ ಎಂಬ ಇನ್ನೊಬ್ಬ ಅತಿಥಿ ಇದ್ದಾಳೆ. ಅವಳಿಗೆ ಹನ್ನೆರಡು ದಿನ ಕಡಿಮೆ ಬಿದ್ದಿತ್ತು. ಅಕ್ಕ ಆರ್ಡರನ್ನು ಅವಳಿಗೆ ಕೊಡಿಸಿದಳು.

"ನಂದು ತುಂಬಿದೆಯಲ್ಲ, ಅವಳದೂ ತುಂಬ್ಲಿ ಬಿಡು" ಅಂತ ನನಗೂ ಫೋನಿನಲ್ಲಿ ಹೇಳಿದಳು. ನಾನು ಭೇಷ್ ಅಂದೆ.

ಕಳೆದ ಮಂಗಳವಾರ ದಾಖಲೆ ಪರಿಶೀಲನೆ. ಅಕ್ಕನ ಜೊತೆ ನಾನೂ ಭದ್ರಾವತಿ ಬಸ್ ಹತ್ತಿದೆ, ನನ್ನ ಶೀಟಿನ ಪ್ರಿಂಟ್ ಹಿಡಿದುಕೊಂಡು. ಕಾಲೇಜಿನ ಗುಮಾಸ್ತರು ಮಂಜಪ್ಪನವರು. ಮೆತ್ತಗಿನ ಮನುಷ್ಯ. ನನ್ನ ಪ್ರಿಂಟ್ ನೋಡಿ, "ಚೆನ್ನಾಗ್ ಮಾಡಿದೀರ ಸಾರ್. ಆದ್ರೆ ಈ ಪ್ಲಸ್ ಒಂದು ಬರಲ್ಲ" ಅಂದರು.

"ಯಾಕೆ ಬರಲ್ಲ? ಕೊನೇ ದಿನ ಅವರು ಕೆಲಸ ಮಾಡಿದಾರಲ್ಲ?"

ಅವರು ಬಿಡುಗಡೆ ರಿಜಿಸ್ಟರ್ ತೆಗೆದು ನನ್ನ ಕಡೆ ತಿರುಗಿಸಿದರು. ಅಕ್ಕನ ಹೆಸರು, ತಾರೀಖು, ಪಕ್ಕದಲ್ಲಿ 'ಪೂರ್ವಾಹ್ನ', ಕೆಳಗೆ ಅಕ್ಕನ ದುಂಡನೆಯ ಸಹಿ. ಪುಟ ತಿರುಗಿಸಿದೆ. ಪೂರ್ವಾಹ್ನ. ಇನ್ನೊಂದು ಪುಟ. ಪೂರ್ವಾಹ್ನ. ಇಪ್ಪತ್ತೇಳು ಸಲ.

"ಬೆಳಿಗ್ಗೆ ರಿಲೀವ್ ಆದ್ರೆ ಆ ದಿನ ಸರ್ವೀಸ್‌ಗೆ ಸೇರಲ್ಲ ಸಾರ್. ಸಂಜೆ ರಿಲೀವ್, ಅಪರಾಹ್ನ ಅಂತ ಇದ್ದಿದ್ರೆ ಸೇರ್ತಿತ್ತು" ಅಂದರು.

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಮಂಜಪ್ಪನವರ ಮುಖ ನೋಡಿದಳು. "ನೀವೇ ಹೇಳ್ತಿದ್ರಲ್ಲ ಮಂಜಪ್ಪನೋರೆ, ಸಂಜೆ ಪ್ರಿನ್ಸಿಪಾಲ್ರು ಇರಲ್ಲ, ಬೆಳಿಗ್ಗೆನೇ ಸಹಿ ಹಾಕ್ಬಿಡಿ ಮೇಡಂ ಅಂತ. ಹಾಕಿ, ಆಮೇಲೆ ಸಂಜೆ ಐದರ ತನಕ ಕೂತು ಮಾರ್ಕ್ಸ್ ಲಿಸ್ಟ್ ಬರೆದು ಕೊಡ್ತಿರ್ಲಿಲ್ವಾ ನಾನು?"

"ಬರೆದು ಕೊಡ್ತಿದ್ರಿ ಮೇಡಂ. ನಾನೇ ನೋಡಿದೀನಿ" ಅಂದರು ಅವರು. ಅವರ ದನಿಯೂ ಇಳಿದಿತ್ತು. "ಆದ್ರೆ ರಿಜಿಸ್ಟರ್‌ನಲ್ಲಿ ಹೀಗಿದೆಯಲ್ಲ."

ಜಗಳವಾಡೋಣವೆಂದು ಬಾಯಿ ತೆರೆದೆ. ಯಾರ ಮೇಲೆ? ಸಹಿ ಅಕ್ಕನದೇ. ಮಂಜಪ್ಪನವರದು ಅನುಕೂಲ ಮಾಡಿಕೊಡುವ ಸ್ವಭಾವ, ಅಕ್ಕನದು ಇಲ್ಲ ಅನ್ನದ ಸ್ವಭಾವ. ಬೆಳಿಗ್ಗೆ ಬಿಡುಗಡೆಯಾದ ಮೇಲೂ ಸಂಜೆಯ ತನಕ ಕೂತು ದುಡಿಯುವ ಪದ್ಧತಿ ನಮ್ಮಲ್ಲಲ್ಲದೆ ಇನ್ನೆಲ್ಲಿದೆ? ಕಡೇ ಪಕ್ಷ ಒಂದೇ ಒಂದು ಸಲವಾದರೂ ಅವಳು ಆ ಪದವನ್ನು ಓದಿ ಸಹಿ ಹಾಕಬಾರದಿತ್ತೇ?

"ರಾಜರ ಆಳ್ವಿಕೆ ಎಷ್ಟು ವರ್ಷ ಅಂತ ಬೋರ್ಡ್ ಮೇಲೆ ಬರೀತೀನಿ. ಅಲ್ಲಿ ಯಾರೂ ಪೂರ್ವಾಹ್ನ ಅಪರಾಹ್ನ ಕೇಳಲ್ಲ ನೋಡು" ಅಂದಳು ಅಕ್ಕ, ಮೆಟ್ಟಿಲು ಇಳಿಯುತ್ತಾ.

ಮೆಟ್ಟಿಲ ಕೆಳಗೆ ಶಾಹಿನಾ ನಿಂತಿದ್ದಳು. ಅವಳದು ಆಗಿತ್ತು. ಬೆಳಿಗ್ಗೆ ಬಿಡುಗಡೆಯಾದರೂ ಆ ಆರ್ಡರ್‌ನಿಂದ ಅವಳಿಗೆ ಹದಿನಾಲ್ಕು ದಿನ ಸಿಕ್ಕಿತ್ತು. ತನಗೆ ಎಷ್ಟು ಕಡಿಮೆ ಎಂದು ಅವಳು ಮೊದಲೇ ಮಂಜಪ್ಪನವರ ಹತ್ತಿರ ಹೋಗಿ, ರಿಜಿಸ್ಟರ್ ನೋಡಿಸಿ ಎಣಿಸಿಕೊಂಡಿದ್ದಳಂತೆ. ಅವಳಿಗೆ ಸ್ಪ್ರೆಡ್‌ಶೀಟ್ ಗೊತ್ತಿರುವ ತಮ್ಮ ಇರಲಿಲ್ಲ. ಅಕ್ಕನ ವಿಷಯ ತಿಳಿದದ್ದೇ ಅವಳು ಅತ್ತಳು. ಅಕ್ಕ ಅವಳ ಬೆನ್ನು ಸವರಿ, "ನೀನ್ಯಾಕೆ ಅಳ್ತೀಯ ಮಾರಾಯ್ತಿ, ನಿಂದು ಆಯ್ತಲ್ಲ" ಅಂದಳು.

ಆ ಹದಿನೈದು ದಿನದ ಆರ್ಡರ್ ಅಕ್ಕನೇ ತೆಗೆದುಕೊಂಡಿದ್ದರೆ 3639ಕ್ಕೆ ಹದಿನಾಲ್ಕು ಸೇರಿ 3653 ಆಗುತ್ತಿತ್ತು. ಈ ಕೂಡುವ ಲೆಕ್ಕಕ್ಕೆ ಕಂಪ್ಯೂಟರ್ ಬೇಕಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅದನ್ನೇ ಮತ್ತೆ ಮತ್ತೆ ಕೂಡುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗಿತ್ತು. ಒಂದು ಪದ ಓದದೆ ಸಹಿ ಹಾಕಿದವಳು ಅವಳಾದರೆ, ಅವಳ ಫೈಲಿನಲ್ಲಿ ಬಿಡುಗಡೆ ಪತ್ರ ಇದೆಯೇ ಎಂದೂ ಕೇಳದೆ ಪಾಯಸ ಉಂಡವನು ನಾನು.

ಶಿವಮೊಗ್ಗ ಹತ್ತಿರ ಬಂದಾಗ ಅಕ್ಕ ಕೇಳಿದಳು: "ಆ ಶೀಟು ಮೊಬೈಲಲ್ಲಿದೆಯಾ? ಆರ್ಡರ್ ಆರ್ಡರ್ ಮಧ್ಯದ ದಿನಾನೂ ಕೂಡಿಸೋಕೆ ಬರುತ್ತಾ?"

ಬರುತ್ತದೆ. ಒಂದು ಸಾಲಿನ ಬಿಡುಗಡೆಯ ತಾರೀಖನ್ನು ಮುಂದಿನ ಸಾಲಿನ ಸೇರ್ಪಡೆಯ ತಾರೀಖಿನಿಂದ ಕಳೆದರಾಯಿತು. ಈ ಸಲ ಪ್ಲಸ್ ಒಂದು ಹಾಕಲಿಲ್ಲ. 1219 ಬಂತು. ಸುಮಾರು ಮೂರು ವರ್ಷ ನಾಲ್ಕು ತಿಂಗಳು. ಮೊಬೈಲನ್ನು ಅವಳ ಕೈಗೆ ಕೊಟ್ಟೆ.

ಅವಳು ಅಂಕಿ ಓದಿ ಹೇಳಿದಳು: "ಆ ದಿನಗಳಲ್ಲಿ ನಾನು ಎಲ್ಲಿಗೂ ಹೋಗ್ತಿರ್ಲಿಲ್ಲ ಕಣೋ. ಫೋನ್ ಬಂದ್ರೆ ಅವತ್ತೇ ಜಾಯಿನ್ ಆಗ್ಬೇಕು, ಇಲ್ದಿದ್ರೆ ದಿನ ಹೋಗುತ್ತೆ ಅಂತ. ಸ್ಮಿತಾ ಚಿಕ್ಕೋಳಿದ್ದಾಗ ಆನೆ ನೋಡ್ಬೇಕು, ಸಕ್ರೆಬೈಲಿಗೆ ಕರ್ಕೊಂಡು ಹೋಗು ಅಂತ ಎಷ್ಟು ಅತ್ತಿದ್ಲು. ಅರ್ಧ ಗಂಟೆ ದಾರಿ. ಹೋಗ್ಲಿಲ್ಲ. ಮುಂದಿನ ಸೆಮಿಸ್ಟರ್ ನೋಟ್ಸ್ ಬರ್ಕೊಂಡು ಫೋನ್ ಪಕ್ಕ ಕೂತಿರ್ತಿದ್ದೆ. ಹುಡುಗರು ಫೋನ್ ಮಾಡಿ ಡೌಟ್ ಕೇಳೋರು, ಹೇಳಿಕೊಡ್ತಿದ್ದೆ." ಸ್ಮಿತಾ ಅವಳ ಮಗಳು. ಈಗ ಡಿಗ್ರಿ ಓದುತ್ತಿದ್ದಾಳೆ, ಆನೆಯ ಹುಚ್ಚು ಬಿಟ್ಟು ಹೋಗಿದೆ.

ಬಸ್ ನಿಲ್ದಾಣದೊಳಗೆ ತಿರುಗಿತು. ಅಕ್ಕ ಫೈಲನ್ನು ಚೀಲಕ್ಕೆ ಹಾಕಿಕೊಂಡು, ಮೊಬೈಲು ವಾಪಸ್ ಕೊಡುತ್ತಾ ಕೇಳಿದಳು:

"ಈ ಸಾವಿರದ ಇನ್ನೂರ ಹತ್ತೊಂಬತ್ತು ದಿನ ನಾನು ಏನಾಗಿದ್ದೆ ಅಂತ ಬರೆಯೋಕೆ ನಿನ್ನ ಶೀಟಲ್ಲಿ ಕಾಲಂ ಇದೆಯೇನೋ?"