ಒಗೆಯದೆ ಉಳಿದ ಅಂಗಿ

ನಮ್ಮ ಅತ್ತಿಗೆಗೆ ಬಟ್ಟೆಯ ಮೇಲೆ ಕಲೆ ಕಂಡರೆ ಆಗದು. ಮದುವೆಯಾಗಿ ಬಂದ ವಾರದಲ್ಲೇ ನಾನು ತೊಟ್ಟಿದ್ದ ಬಟ್ಟೆಯನ್ನು ಬಿಚ್ಚಿಸಿ ಒಗೆದವಳು ಅವಳು. ಅಣ್ಣನೂ ಅವಳೂ ನಡೆಸುತ್ತಿದ್ದ ಲಾಂಡ್ರಿಗೆ ಗಿರಾಕಿ ಬಂದರೆ ಮುಖಕ್ಕಿಂತ ಮೊದಲು ಕಾಲರು ನೋಡುತ್ತಿದ್ದಳು.

ಆ ಗುಣವೇ ಮುಳುವಾಯಿತು. ಪಕ್ಕದ ಬೇಕರಿಯ ಮಸಿ ನಾವು ಒಣಹಾಕಿದ ಬಿಳಿ ಹೊದಿಕೆಗಳ ಮೇಲೆ ಕೂರುತ್ತಿದ್ದುದರಿಂದ ಅಣ್ಣನಿಗೂ ಬೇಕರಿಯವನಿಗೂ ಎಣ್ಣೆ ಸೀಗೆಕಾಯಿ. ಒಂದು ಸಂಜೆ ಅಣ್ಣ ಒಬ್ಬ ಡ್ರೈವರನಿಗೆ ಇಸ್ತ್ರಿ ಬಟ್ಟೆ ಕೊಡುತ್ತಿದ್ದಾಗ ಬೇಕರಿಯ ಹಿತ್ತಲಿಂದ ಚೀರಾಟ ಕೇಳಿತು. ಇಬ್ಬರೂ ಓಡಿದರು. ಯಾರೋ ಇರಿದು ಹೋಗಿದ್ದರು. ಅಣ್ಣ ಬೇಕರಿಯವನನ್ನು ಹೊತ್ತು ತಂದು ಡ್ರೈವರನ ಕಾರಿಗೆ ಹಾಕಿದ. ಆಸ್ಪತ್ರೆ ತಲುಪುವ ಮುಂಚೆಯೇ ಅವನ ಉಸಿರು ನಿಂತಿತ್ತು.

ಅಣ್ಣ ಮನೆಗೆ ಮರಳಿದಾಗ ಅಂಗಿಯೆಲ್ಲ ರಕ್ತ. "ಬಿಚ್ಚಿ ಕೊಡಿ, ಒಣಗಿದ್ರೆ ಹೋಗಲ್ಲ" ಎಂದು ಅತ್ತಿಗೆ ತಣ್ಣೀರಿಗೆ ಹಾಕಿದಳು. ಪೊಲೀಸರು ಬಂದಾಗ ಅಂಗಿ ಹಗ್ಗದ ಮೇಲೆ ಬೆಳ್ಳಗೆ ತೂಗುತ್ತಿತ್ತು.

ಸಾಕ್ಷ್ಯನಾಶ ಎಂದಿತು ಕೋರ್ಟು. ಹಳೆಯ ಜಗಳವೂ ಇತ್ತಲ್ಲ! ಡ್ರೈವರು ಅಷ್ಟರಲ್ಲಿ ದೂರದ ಊರು ಸೇರಿದ್ದ. ಅವನನ್ನು ಕರೆಸಿ ಎಂದು ನಮ್ಮ ವಕೀಲರು ಬೇಡಿಕೊಂಡರೆ, ವಿಚಾರಣೆ ತಡವಾಗುತ್ತದೆಂದು ನ್ಯಾಯಾಧೀಶರು ಒಪ್ಪಲಿಲ್ಲ. ಅಣ್ಣನಿಗೆ ಜೀವಾವಧಿ. ಅಯ್ಯೋ ಅಂದರೆ ಆರು ತಿಂಗಳ ಆಯಸ್ಸು ಕಡಿಮೆ ಎನ್ನುತ್ತಾರೆ. ನನ್ನಣ್ಣನಿಗೆ ಆಯಸ್ಸೇ ಹೋಯಿತು. ನನಗೆ ಈಗಲೂ ಸಿಟ್ಟು ಬರುತ್ತದೆ.

ಜೈಲಿನ ಜಾಲರಿಯಾಚೆ ಅಣ್ಣನನ್ನು ಕಂಡಾಗಲೆಲ್ಲ ಅತ್ತಿಗೆ, "ನಾನು ಒಗೀಬಾರದಿತ್ತು" ಎಂದು ಅಳುವಳು. ಅವನು ಅಂಗಡಿಯ ವಿಚಾರಕ್ಕೆ ಮಾತು ತಿರುಗಿಸುವನು. ನಿನ್ನ ತಪ್ಪಿಲ್ಲ ಎಂದು ಅವನು ಒಮ್ಮೆಯೂ ಅನ್ನದಿದ್ದುದೇ ಅವಳನ್ನು ತಿನ್ನುತ್ತಿತ್ತು.

ಮನೆಯ ಗೂಟದಲ್ಲಿ, ಆ ಕೊಲೆಯ ಹಿಂದಿನ ದಿನ ಅವನು ತೊಟ್ಟಿದ್ದ ನೀಲಿ ಅಂಗಿ ಹಾಗೇ ಉಳಿಯಿತು. ಊರವರ ಬಟ್ಟೆಯನ್ನೆಲ್ಲ ಒಗೆಯುವವಳು ಅದನ್ನು ನೀರಿಗೆ ಹಾಕಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಅದಕ್ಕೆ ಮುಖವಿಟ್ಟು ನಿಲ್ಲುವಳು. ಎಷ್ಟೋ ವರ್ಷವಾದ ಮೇಲೆ ಒಂದು ದಿನ ನನ್ನನ್ನು ಕರೆದಳು.

"ಮೂಸಿ ನೋಡೇ. ಅವರ ವಾಸನೆ ಇನ್ನೂ ಇದ್ಯಾ?"

ಬರೀ ಧೂಳಿನ ವಾಸನೆ.

"ಇದೆ ಅತ್ತಿಗೆ" ಎಂದೆ.

ಮೇಲಿನ ಕೋರ್ಟಿನಲ್ಲಿ ನಮ್ಮ ಹೊಸ ವಕೀಲೆ ಕೇಳಿದ್ದು ಸರಳ ಮಾತು: "ರಕ್ತ ಬಚ್ಚಿಡೋರು ಒಗೆದ ಅಂಗೀನ ಬೀದಿಗೆ ಕಾಣೋ ಹಾಗೆ ಒಣಹಾಕ್ತಾರಾ?" ಆ ಅಂಗಿಯ ಬಗ್ಗೆ ನಿನ್ನ ಉತ್ತರವೇನೆಂದು ಕೆಳಗಿನ ಕೋರ್ಟು ಅಣ್ಣನನ್ನು ಒಮ್ಮೆಯೂ ಕೇಳಿರಲಿಲ್ಲ ಎಂಬುದನ್ನೂ ಎತ್ತಿ ತೋರಿಸಿದಳು. ಈ ಸಲ ಡ್ರೈವರನನ್ನು ಕರೆಸಿದರು. ಅವನು ಕಂಡದ್ದನ್ನು ಕಂಡಂತೆ ಹೇಳಿದ. ಶಿಕ್ಷೆ ರದ್ದಾಯಿತು.

ಅಣ್ಣ ಬಂದ. ತಲೆ ಪೂರಾ ನರೆತಿತ್ತು. ದಾರಿಯಲ್ಲಿ ಚೆಲ್ಲಿಕೊಂಡ ಚಹಾ ಅಂಗಿಯ ಎದೆಯ ಮೇಲೆ ಇನ್ನೂ ಹಸಿಯಾಗಿತ್ತು. ಅತ್ತಿಗೆಯ ಕೈ ತಾನಾಗಿ ಮುಂದೆ ಹೋಯಿತು, ಅರ್ಧಕ್ಕೇ ಹೆದರಿ ನಿಂತಿತು.

ಅಣ್ಣ ಅದನ್ನು ನೋಡಿದ. ನಿಧಾನವಾಗಿ ಗುಂಡಿ ಬಿಚ್ಚಿ, ಅಂಗಿಯನ್ನು ಅವಳ ಕೈಗಿಟ್ಟ.

"ತಗೋ. ಒಣಗಿದ್ರೆ ಹೋಗಲ್ಲ ಅಂತಿದ್ಯಲ್ಲ."

ಅವಳು ಗೂಟದಿಂದ ನೀಲಿ ಅಂಗಿಯನ್ನೂ ತೆಗೆದು, ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಿದಳು.